ಅಮ್ಮ ಟೈಪ್ ಮಾಡದ ಮಾತು

ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಮ್ಮನ ಓಲೆಯ ತಿರುಪು ಬಿಚ್ಚಲಾಗದೆ ಮಗಳು ಒದ್ದಾಡುತ್ತಿದ್ದಾಗ ಚಿಕ್ಕಮ್ಮ ಬಗ್ಗಿ ಪಿಸುಗುಟ್ಟಿದಳು.

"ಬಾಗಿಲ ಹತ್ರ ನಿಂತಿದಾಳಲ್ಲ, ಬೂದು ಶಾಲು, ಅವಳ್ಯಾರೇ?"

"ಅಪ್ಪನ ಹಳೇ ವಿದ್ಯಾರ್ಥಿನಿ ಅಂತೆ."

"ವಿದ್ಯಾರ್ಥಿನಿ ಆದ್ರೆ ಮೇಷ್ಟ್ರನ್ನ ಮಾತಾಡಿಸ್ಬೇಕಪ್ಪ. ಅವಳನ್ನ ಕಂಡಿದ್ದೇ ತಡ, ನಿಮ್ಮಪ್ಪ ಒಳಗೆ ಹೋದ್ರು. ನಾನೇನು ಕುರುಡಿಯಾ?"

"ಇವತ್ತೊಂದಿನ ಸುಮ್ನಿರು ಚಿಕ್ಕಮ್ಮ."

"ನಂಗೇನಮ್ಮ, ಸುಮ್ನಿರ್ತೀನಿ. ಅವರನ್ನ ಮನೇಲಿಟ್ಕೊಳ್ಳೋಳು ನೀನು."

ಅದು ನಿಜ. ಸಂಸ್ಕಾರ ಮುಗಿದ ಮೇಲೆ ಅಪ್ಪ ಮಗಳ ಮನೆಗೇ ಹೋಗುವುದೆಂದು ತೀರ್ಮಾನವಾಗಿ, ಅವರ ಬಟ್ಟೆಪೆಟ್ಟಿಗೆ ಆಗಲೇ ಕಾರಿನಲ್ಲಿತ್ತು. ಆದರೆ ಅಮ್ಮನಿಗೆ ಮೋಸ ಮಾಡಿದವರಿಗೆ ದಿನಾ ಊಟ ಬಡಿಸುವಷ್ಟು ದೊಡ್ಡ ಮನಸ್ಸು ಅವಳದಲ್ಲ. ಓಲೆಯನ್ನು ಅಲ್ಲಿಗೇ ಬಿಟ್ಟು ಎದ್ದು ಬಾಗಿಲ ಬಳಿಗೆ ಹೋದಳು.

ಬೂದು ಶಾಲಿನ ಹೆಂಗಸು ತಾನಾಗಿಯೇ ಬಾಯಿ ಬಿಟ್ಟಳು. "ನಿಮ್ಮಮ್ಮನ್ನ ನಾನು ನೋಡಿದ್ದು ಒಂದೇ ಸಲ. ಕ್ಷಮೆ ಕೇಳೋಕೆ ಹೋಗಿದ್ದೆ. ಅವರು ಮಾತು ತಿರುಗಿಸಿ, ಕಾಫಿ ಕೊಟ್ಟು ಕಳಿಸಿಬಿಟ್ರು."

"ಯಾತಕ್ಕೆ ಕ್ಷಮೆ?"

"ಸರ್ ಕೋಣೇಲಿ ನಾವಿಬ್ರೇ ಇದ್ದಾಗ ಆಡಿದ ಮಾತು ರೆಕಾರ್ಡ್ ಆಗಿತ್ತು. ಇನ್ನೂ ಯೂನಿವರ್ಸಿಟಿ ಜಾಲತಾಣದಲ್ಲಿದೆ." ಅವಳು ಶಾಲಿನ ಅಂಚು ಹಿಂಡಿದಳು. "ಅದನ್ನ ಟೈಪ್ ಮಾಡಿದ್ದು ನಿಮ್ಮಮ್ಮ."

ಹೆಚ್ಚು ನಿಲ್ಲದೆ ಹೊರಟುಹೋದಳು. ನಾವಿಬ್ರೇ ಎಂಬ ಮಾತು ಮಾತ್ರ ಮಗಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

*

ಅಮ್ಮನ ಕೆಲಸವೇ ಅದಾಗಿತ್ತು. ವಿಶ್ವವಿದ್ಯಾಲಯದವರು ಭಾಷಾ ಸಂಶೋಧನೆಗೆಂದು ಪಾಠ, ಚರ್ಚೆ, ಮೇಷ್ಟರ ಕೋಣೆಯ ಮಾತುಕತೆ ಎಲ್ಲವನ್ನೂ ಒಪ್ಪಿಗೆ ಪಡೆದು ಧ್ವನಿಮುದ್ರಿಸುತ್ತಿದ್ದರು. ಆಡಿದ ಇಂಗ್ಲಿಷನ್ನು ಆಡಿದ ಹಾಗೇ ಅಕ್ಷರಕ್ಕಿಳಿಸಿ, ಯಾರು ಬೇಕಾದರೂ ಹುಡುಕಿ ಕೇಳುವಂತೆ ಜಾಲತಾಣಕ್ಕೆ ಹಾಕುತ್ತಿದ್ದರು. ಅಪ್ಪ ಅಲ್ಲಿ ಮೇಲುಮಹಡಿಯ ಮೇಷ್ಟ್ರು. ಅಮ್ಮ ಕೆಳಗಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುವವಳು.

"ತಡವರಿಸಿದ್ರೆ ಅದನ್ನೂ ಬರೀಬೇಕು, ನಕ್ಕರೆ ಅದನ್ನೂ," ಎಂದು ಮಗಳಿಗೆ ಹೇಳಿಕೊಡುತ್ತಿದ್ದಳು. "ಪಂಡಿತರ ಮಾತಲ್ಲಿ ಅರ್ಧ ಬರೀ ಆಂ, ಊಂ ಕಣೆ. ಆ ಆಂ ಊಂ ಟೈಪ್ ಮಾಡೇ ನಿನ್ನ ಸ್ಕೂಲ್ ಫೀಸ್ ಕಟ್ಟಿದ್ದು."

"ಹೆಸರೇ ಹಾಕಲ್ವಲ್ಲ, ಯಾರು ಅಂತ ಹೇಗಮ್ಮ ಗೊತ್ತಾಗೋದು?"

"ಚಟದ ಮಾತಿಂದ ಸಿಕ್ಕಿಬೀಳ್ತಾರೆ. ನಿಮ್ಮಪ್ಪ 'ಸೋ ಟು ಸ್ಪೀಕ್' ಅನ್ನದೆ ಒಂದು ಲೋಟ ನೀರೂ ಕೇಳಲ್ಲ."

"ಮಾತೇ ಕೇಳಿಸದಿದ್ರೆ?"

"ಮತ್ತೆ ಮತ್ತೆ ಕೇಳೋದು. ಏನು ಮಾಡಿದ್ರೂ ಆಗಲಿಲ್ಲ ಅಂದ್ರೆ 'ಕೇಳಿಸುತ್ತಿಲ್ಲ' ಅಂತ ಹಾಕೋದು. ನಂಗೆ ಅದು ಅವಮಾನ. ಗೋಡೆಯಾಚೆ ಗಂಡ ಹೆಂಡತಿ ಜಗಳ ಆಡಿದ್ರೂ ಒಂದಕ್ಷರ ತಪ್ಪಲ್ಲ ನಂಗೆ."

*

ಮಗಳು ಅಮ್ಮನ ಕೋಣೆಯ ಅಗುಳಿ ಹಾಕಿ ಫೋನಿನಲ್ಲಿ ಆ ಜಾಲತಾಣ ತೆರೆದಳು. ಹುಡುಕುವ ಜಾಗದಲ್ಲಿ ಸೋ ಟು ಸ್ಪೀಕ್ ಎಂದು ಬರೆದು, ಮೇಷ್ಟರ ಕೋಣೆಯ ಮಾತುಕತೆಗಳಷ್ಟೇ ಸಾಕೆಂದು ಗುರುತು ಹಾಕಿದಳು. ಆ ಮಾತು ನಡುವೆ ಬರುವಂತೆ ಸಾಲುಗಳು ಒಂದರ ಕೆಳಗೊಂದು ಮೂಡಿದವು. ಬರೀ ಇಬ್ಬರಿದ್ದ, ಅದರಲ್ಲೂ ವಿದ್ಯಾರ್ಥಿನಿ ಇದ್ದ ಮಾತುಕತೆ ಒಂದೇ.

ಕಳ್ಳನನ್ನು ಹಿಡಿಯಲು ಹೊರಟವಳಂತೆ ಓದುತ್ತಾ ಹೋದಳು. ಪ್ರಬಂಧದ ಅಧ್ಯಾಯ, ಅಡಿಟಿಪ್ಪಣಿ, ಕೊಡಬೇಕಾದ ತಾರೀಖು. ಬರೆದದ್ದನ್ನು ಮೊದಲು ಯಾರಿಗೆ ತೋರಿಸುತ್ತೀರಿ ಸರ್, ಮೇಡಂಗಾ ಎಂದು ಹುಡುಗಿ ಕೇಳಿದ್ದಳು. ನನ್ನ ಹೆಂಡತಿಗಾ ಎಂದಿದ್ದರು ಅಪ್ಪ. ಅದರ ಮುಂದೆ ಕಂಸದೊಳಗೆ, ಕೇಳಿಸುತ್ತಿಲ್ಲ. ಅದರ ಮುಂದೆ, ಇಬ್ಬರ ನಗು.

ಸಿಕ್ಕಿತು ಎಂದುಕೊಂಡಳು. ಇಯರ್‌ಫೋನ್ ಸಿಕ್ಕಿಸಿ ಧ್ವನಿ ಹಾಕಿದಳು.

ಅಪ್ಪನ ಗಂಟಲು, ಗಂಟೆ ಬಾರಿಸಿದಷ್ಟು ಸ್ಪಷ್ಟ. "ನನ್ನ ಹೆಂಡತಿಗಾ? ಅವಳದು ಬರೀ ಕಿವಿ. ಎಲ್ಲಾ ಕೇಳಿಸುತ್ತೆ, ಏನೂ ಅರ್ಥವಾಗಲ್ಲ."

ಮತ್ತೆ ಕೇಳಿದಳು. ಪ್ರೇಮವಿಲ್ಲ, ಪಿಸುಮಾತಿಲ್ಲ, ಕುರ್ಚಿ ಸರಿಸಿದ ಸದ್ದೂ ಇಲ್ಲ. ಅನುಮಾನಪಟ್ಟದ್ದೇ ನಿಜವಾಗಿದ್ದರೆ ಅಪ್ಪನ ಬಟ್ಟೆಪೆಟ್ಟಿಗೆಯನ್ನು ಕಾರಿನಿಂದ ಇಳಿಸಿಬಿಡಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಇದನ್ನು ಏನೆಂದು ಕರೆಯುವುದು, ಯಾರ ಮುಂದೆ ಹೇಳುವುದು? ಇದನ್ನು ಕೇಳಿದ ಸಂಜೆಯೂ ಅಮ್ಮ ಮನೆಗೆ ಬಂದು ದೀಪ ಹಾಕಿ, ತಟ್ಟೆ ಇಟ್ಟಿರಬೇಕು. ಗಂಡನ ಮಾನ ಕಾಯಲು ಆ ಮಾತನ್ನು ಮುಚ್ಚಿದಳೋ, ತನ್ನದನ್ನೋ? ನಗುವನ್ನಂತೂ ಬಿಟ್ಟಿರಲಿಲ್ಲ, ಬರೆದಿದ್ದಳು.

*

ಶವಪೆಟ್ಟಿಗೆಯನ್ನು ಮಣ್ಣಿಗಿಳಿಸುವ ಮೊದಲು ಅಪ್ಪ ನಾಲ್ಕು ಮಾತಾಡಿದರು. ದನಿ ನಡುಗಲಿಲ್ಲ. "ನನ್ನ ಮಾತನ್ನ ಅವಳಷ್ಟು ಗಮನಕೊಟ್ಟು ಕೇಳಿದೋರು ಇನ್ನೊಬ್ರಿಲ್ಲ."

ಜನ ಕಣ್ಣೊರೆಸಿಕೊಂಡರು. ಚಿಕ್ಕಮ್ಮ ಮೊಣಕೈಯಿಂದ ತಿವಿದಳು. "ಏನಾದ್ರೂ ಗೊತ್ತಾಯ್ತೇನೇ? ಆ ಹೆಂಗಸಿನ ವಿಷ್ಯ?"

"ನೀನು ಅಂದ್ಕೊಂಡಂಥದ್ದೇನೂ ಇಲ್ಲ ಚಿಕ್ಕಮ್ಮ."

"ನನ್ನಾಣೆಗೂ?"

"ನಿನ್ನಾಣೆಗೂ."

"ಸದ್ಯ. ಇನ್ನು ನಿಶ್ಚಿಂತೆಯಾಗಿ ಕರ್ಕೊಂಡು ಹೋಗು. ಅಂಥ ಗಂಡ ಸಿಗೋದು ಕಷ್ಟ."

ಕಾರಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲೇ ಕೂತರು. ಬೆಲ್ಟ್ ಬಿಗಿದುಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ನೋಡು ಮರಿ, ನಿಮ್ಮನೇಲಿ ನಂಗೆ ಓದೋಕೆ ಒಂದು ಮೂಲೆ ಸಾಕು. ನಿಮ್ಮಮ್ಮನ ಬಗ್ಗೆ ಹೇಳ್ಬೇಕು ಅಂದ್ರೆ..."

ಹೆದ್ದಾರಿಗೆ ತಿರುಗಿದಾಗ ಮಗಳು ಗುಂಡಿ ಒತ್ತಿ ನಾಲ್ಕೂ ಕಿಟಕಿಗಳ ಗಾಜು ಇಳಿಸಿದಳು. ಗಾಳಿ, ಲಾರಿಗಳ ಅಬ್ಬರ ಒಮ್ಮೆಲೇ ಒಳಗೆ ನುಗ್ಗಿತು. ಅಪ್ಪನ ನರೆಗೂದಲು ಎದ್ದು ನಿಂತಿತು. ಅವರು ತೋರುಬೆರಳೆತ್ತಿ, ತರಗತಿಯಲ್ಲಿ ಮುಖ್ಯವಾದದ್ದನ್ನು ಹೇಳುವಾಗಿನಂತೆ, ತುಟಿ ಆಡಿಸುತ್ತಲೇ ಇದ್ದರು.