ಅಮ್ಮ ಬಂದಾಳೆ

ಅಮ್ಮ ಬಂದರೆ ಆಸ್ಪತ್ರೆಗೆ ಬರುವುದಕ್ಕೇನು ಅಡ್ಡಿ ಎಂದು ಕಲ್ಪನಾ ಕ್ಯಾಂಟೀನಿನಲ್ಲಿ ನಗುತ್ತಿದ್ದಳು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಹುಡುಗಿ. ರೋಗಿಗಳಿಗೆ ಫೋನ್ ಮಾಡಿ ತಪಾಸಣೆಗೆ ಕರೆಯುವುದು ಅವಳ ಕೆಲಸ. ಸವಳಂಗದ ದ್ಯಾಮಮ್ಮ ಈ ಸಲ ಯಾಕೆ ಬರಲಿಲ್ಲವೆಂದು ಕೇಳಿದ್ದಕ್ಕೆ ಗಂಡ ಕೊಟ್ರಬಸಪ್ಪ, "ಮನೆಗೆ ಅಮ್ಮ ಬಂದಾಳ್ರಿ, ಹೋಗೋತನಕ ಹೊಸ್ತಿಲು ದಾಟಂಗಿಲ್ಲ" ಅಂದನಂತೆ. ಈ ವಯಸ್ಸಿನಲ್ಲೂ ಎಂಥಾ ತಾಯಿವ್ಯಾಮೋಹ ನೋಡಿ ಮೇಡಂ, ಎಂದಳು.

ಸಂಧ್ಯಾರಾಣಿ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟಳು. ದೊಡ್ಡ ವಿಜ್ಞಾನಿಯಾದರೂ ಅವಳು ನ್ಯಾಮತಿಯಲ್ಲಿ ಹುಟ್ಟಿದವಳು. ಆ ಕಡೆ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ, ಅಂದರೆ ದೇವಿ, ಮನೆಗೆ ಬಂದಳೆಂದು ಲೆಕ್ಕ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಸೂಜಿ ಮಾತ್ರೆಯ ಹೆಸರೆತ್ತುವುದಿಲ್ಲ.

ದ್ಯಾಮಮ್ಮನ ಕುತ್ತಿಗೆಯಲ್ಲಿ ಕ್ಯಾನ್ಸರ್ ಗಡ್ಡೆಯಿತ್ತು. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಇಮ್ಯುನೊಥೆರಪಿ ಔಷಧ ಗಡ್ಡೆಯನ್ನು ತಾನೇ ಕೊಲ್ಲುವಂಥದ್ದಲ್ಲ. ಮೈಯೊಳಗೆ ತೂಕಡಿಸುವ ಕಾವಲು ಕಣಗಳನ್ನು ಎಬ್ಬಿಸಿ ಗಡ್ಡೆಯ ಮೇಲೆ ಬಿಡುವಂಥದ್ದು. ಯಾರ ಕಣಗಳು ಏಳುತ್ತವೆ, ಯಾರವು ಏಳುವುದಿಲ್ಲ ಎಂಬುದೇ ಸಂಧ್ಯಾರಾಣಿಯ ಸಂಶೋಧನೆ. ಎದ್ದ ಕಣಗಳು ಕೆಲವೊಮ್ಮೆ ಹದ್ದುಮೀರಿ ಚರ್ಮ, ಕರುಳುಗಳ ಮೇಲೂ ಎರಗುತ್ತವೆ. ಆಗ ತಡಮಾಡಿದರೆ ಜೀವಕ್ಕೇ ಸಂಚಕಾರ.

ಡಾಕ್ಟರಿಗೆ ವಿಷಯ ತಿಳಿಸಿ, ಆಸ್ಪತ್ರೆಯ ಗಾಡಿ ಹತ್ತಿ ದಾವಣಗೆರೆಯಿಂದ ಹೊರಟಳು. ಹೊನ್ನಾಳಿಯ ಸೇತುವೆ ದಾಟುವಾಗ ದ್ಯಾಮಮ್ಮನ ತೋಳೇ ಕಣ್ಣಮುಂದೆ ಬಂತು. ಸಂಶೋಧನೆಗೆ ರಕ್ತ ಕೇಳಿದರೆ ಬೇರೆಯವರು ನೂರು ಪ್ರಶ್ನೆ ಹಾಕುತ್ತಿದ್ದರು. ಈಕೆ ಮಾತ್ರ ಸೆರಗು ಸರಿಸಿ, "ನೋಡ್ಕಳವ್ವ. ನಂಗಲ್ಲದಿದ್ರೂ ಇನ್ನೊಬ್ಬರಿಗೆ ಆಗ್ಲಿ" ಎಂದು ತೋಳು ಚಾಚಿದ್ದಳು. ತನ್ನ ಅರ್ಧ ಕೆಲಸ ನಿಂತಿರುವುದೇ ಆ ತೋಳಿನ ಮೇಲೆ ಎಂದು ಸಂಧ್ಯಾರಾಣಿಗೆ ಗೊತ್ತಿತ್ತು.

ಸವಳಂಗದ ಮನೆಯ ಬಾಗಿಲಲ್ಲಿ ಬೇವು ತೂಗುತ್ತಿತ್ತು. ಅವಳು ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋದಳು. ದ್ಯಾಮಮ್ಮನ ಮೈತುಂಬ ಕೆಂಪು ದದ್ದು. ನೀರು ತುಂಬಿದ ಗುಳ್ಳೆ ಒಂದೂ ಇಲ್ಲ. ಭೇದಿ ಆಗಿ ಆಗಿ ಕಣ್ಣು ಗುಳಿಬಿದ್ದಿತ್ತು. ಕೊಟ್ರಬಸಪ್ಪ ಅಡ್ಡ ನಿಂತ. ಈಗ ಔಷಧಿ ಕೊಟ್ಟು ಅಮ್ಮನನ್ನು ಕೆಣಕಿದರೆ ಹೆಂಡತಿ ಕೈತಪ್ಪಿ ಹೋಗುತ್ತಾಳೆಂಬ ಭಯ ಅವನದು. ಇದು ಅಮ್ಮನೇ ಅಲ್ಲ ಎಂಬ ಮಾತು ಸಂಧ್ಯಾರಾಣಿಯ ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವತ್ತು ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಗುತ್ತಿದ್ದಳು.

"ದೊಡ್ಡಮ್ಮ, ಆಕೆ ನಿಮ್ಮೊಳಗೇ ಇದ್ದಾಕೆ. ಗಡ್ಡೆ ಹೊಡಿಯಾಕೆ ಅಂತ ನಾವೇ ಎಬ್ಬಿಸಿದ್ವಿ. ಈಗ ಸಿಟ್ಟು ತಲೆಗೇರೈತೆ, ತನ್ನ ಮನೆ ಅನ್ನೋದನ್ನೂ ಮರೆತಾಳೆ. ನಾನು ಓಡಿಸಾಕೆ ಬಂದಿಲ್ಲ. ತಂಪು ಮಾಡಾಕೆ ಬಂದೀನಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ತಂಪು ಮಾಡುವುದು ಅವರಿಗೂ ತಿಳಿದ ಶಾಸ್ತ್ರ. ಮೊಸರನ್ನದ ಎಡೆ ಇಡುವುದೂ ಅದಕ್ಕೇ. ದ್ಯಾಮಮ್ಮ ಗೋಡೆ ಹಿಡಿದು ಎದ್ದು ಕೂತು ಗಂಡನ ಕಡೆ ತಿರುಗಿದಳು.

"ಮತ್ಯಾಕೆ ನಿಂತೀರಿ? ಎಡೆ ಇಡ್ರಿ, ಆಸ್ಪತ್ರಿಗೆ ಹೋಗಾನ."

ಆಸ್ಪತ್ರೆಯಲ್ಲಿ ಡಾಕ್ಟರು ಕೊಟ್ಟ ಸ್ಟಿರಾಯ್ಡ್‌ಗೆ ದದ್ದು ಇಳಿಯಿತು, ಭೇದಿ ನಿಂತಿತು. ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕಡಲೆಕಾಳಿನಷ್ಟಾಗಿತ್ತು.

ಒಂದು ಬೆಳಿಗ್ಗೆ ದ್ಯಾಮಮ್ಮ ತಪಾಸಣೆಯ ದಿನವಲ್ಲದಿದ್ದರೂ ಲ್ಯಾಬಿನ ಬಾಗಿಲಿಗೆ ಬಂದಳು, ಕೈಯಲ್ಲಿ ಸ್ಟೀಲ್ ಡಬ್ಬಿ. ಅಮ್ಮ ತಣ್ಣಗಾದ ಮೇಲೆ ಮೊಸರನ್ನ ಹಂಚಬೇಕಲ್ಲ, ಹಂಚುವ ಮನೆಗಳಲ್ಲಿ ಇದೂ ಒಂದಂತೆ. ಒಳಗೆ ಊಟ ತರುವ ಹಾಗಿಲ್ಲವೆಂದಾಗ ಅವಳೇನೂ ಬೇಸರಿಸಲಿಲ್ಲ. ದೇವರ ಮನೆಗೂ ಮಡಿ ಇರುತ್ತದಲ್ಲ ಎಂದು ಕಾರಿಡಾರಿನಲ್ಲೇ ಚಪ್ಪಲಿ ಬಿಟ್ಟು ಕೂತಳು. ಮೊದಲ ತುತ್ತನ್ನು ಸಂಧ್ಯಾರಾಣಿಯ ಅಂಗೈಗಿಟ್ಟಳು.

ಥ್ಯಾಂಕ್ಸ್ ಹೇಳಬೇಕಾದವಳು ತಾನು ಎಂದು ಸಂಧ್ಯಾರಾಣಿಗೆ ಅನ್ನಿಸಿ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಮೈಕ್ರೋಸ್ಕೋಪಿನಲ್ಲಿ ನೋಡಿದ ಕಣಗಳೆಲ್ಲ ಯಾರೋ ಒಬ್ಬರು ತೋಳು ಚಾಚಿ ಕೊಟ್ಟವೇ. ಅವಳೂ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತಳು.

ಕಲ್ಪನಾ ಬಾಗಿಲಿನಿಂದ ಇಣುಕಿ, ಯಾರು ಬಂದಿರುವುದೆಂದು ಕೇಳಿದಳು.

"ಅಮ್ಮ ಬಂದಾಳೆ" ಎಂದಳು ಸಂಧ್ಯಾರಾಣಿ.

ಈ ಸಲ ಕಲ್ಪನಾ ನಗಲಿಲ್ಲ. ಚಪ್ಪಲಿ ಕಳಚಿ ಬಂದು ಕೈಯೊಡ್ಡಿದಳು.