ನಾಲ್ಕನೆಯ ಸಂಪುಟದ ಕೊನೆಯ ಪುಟ

ಇರುವೆಗಳು, ಮತ್ತೆ ಇರುವೆಗಳೇ, ಬಿಳಿಯ ಹಾಳೆಯ ಮೇಲೆ ಸಾಲುಗಟ್ಟಿ ನಿಂತಿವೆ, ಇವು ಅಕ್ಷರಗಳೆಂದು ಬಲ್ಲೆ, ಯಾವ ಅಕ್ಷರಗಳೆಂದು ಮಾತ್ರ ಹೇಳಲಾರೆ — ಊರೂರು ತಿರುಗಿ ಅಂಗಡಿಗಳ ನೆತ್ತಿಯ ಮೇಲೆ ಫಲಕ ಬರೆದವನು ನಾನು, ಮಿದುಳಿನಲ್ಲಿ ಹೆಪ್ಪುಗಟ್ಟಿದ ತೊಟ್ಟು ರಕ್ತ ಕೈಯ ಬರವಣಿಗೆಯನ್ನು ಉಳಿಸಿ ಕಣ್ಣಿನ ಓದನ್ನಷ್ಟೇ ಕಿತ್ತುಕೊಂಡಿದೆ, ಎಂಥ ಚೇಷ್ಟೆ, ಬರೆದದ್ದನ್ನು ನಾನೇ ಓದಲಾರೆ. ಕಣ್ಣು ಕೈಕೊಟ್ರೆ ಕೈನೇ ಕೇಳಿ ಯಜಮಾನ್ರೇ, ಎಂದಿದ್ದರು ಡಾಕ್ಟರಮ್ಮ, ಅಕ್ಷರದ ಮೇಲೆ ಬೆರಳಾಡ್ಸಿ, ಅದಕ್ಕೆ ನೆನಪಿರುತ್ತೆ. ಹಾಗೆಂದೇ ಹಳೆಯ ಗೆಳೆಯನನ್ನು ಹಿಡಿದಿದ್ದೇನೆ, ಹತ್ತು ಸಂಪುಟಗಳ ಆ ಕಾದಂಬರಿಯನ್ನು, ಇತಿಹಾಸದಲ್ಲಿ ಸುಟ್ಟುಹೋದ ಸೇತುವೆ ಅದರಲ್ಲಿ ಸುಡುವುದಿಲ್ಲ, ಅಷ್ಟೇ, ಅಷ್ಟರಿಂದಲೇ ಸೋತವರು ಗೆದ್ದು, ಗೆದ್ದವರು ಅಳಿದು, ಮೊಮ್ಮಕ್ಕಳ ಕಾಲಕ್ಕೆ ಭೂಪಟವೇ ಬೇರೆಯಾಗುತ್ತದೆ — ಬಸ್ ನಿಲ್ದಾಣದ ಬೆಂಚುಗಳ ಮೇಲೆ ಇದನ್ನು ಓದುತ್ತಲೇ ನಾನು ಓದಲು ಕಲಿತದ್ದು. ಮಗಳು ಹೊಸ ಪ್ರತಿ ತಂದು ತಾನೇ ಓದಿ ಹೇಳುತ್ತಾಳೆ, ಹಾಡಿದ್ದೇ ಹಾಡೋ ಕಿಸಬಾಯಿದಾಸ ಕಣಪ್ಪಾ ನೀನು, ಎನ್ನುತ್ತಾಳೆ, ಯುದ್ಧ ಬಂದೊಡನೆ ಪುಟ ಹಾರಿಸುತ್ತಾಳೆ, ಯಾರೋ ಗೆದ್ರು ಬಿಡು, ಮುಂದೆ ಮದುವೆ ಇದೆ. ಉರಿಯುವ ದೋಣಿಯನ್ನು ಸೇತುವೆಯಿಂದ ದೂರ ಎಳೆದೊಯ್ದ ಅಂಬಿಗಿತ್ತಿಯನ್ನೇ ನಿನ್ನೆ ಹಾರಿಸಿಬಿಟ್ಟಳು!

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು, ಅವಳು ಅಲ್ಲಿರಲಿ, ಬೆರಳು ಸಾಲಿನ ಮೇಲೆ ಸಾಗುತ್ತದೆ, ದೋಣಿ ಉರಿಯಿತು, ನೀರು ಅಂಬಿಗಿತ್ತಿಯ ತಲೆಯ ಮೇಲೆ ಮುಚ್ಚಿಕೊಂಡಿತು — ಓದಿದೆನೆ? ಇಲ್ಲ, ಮೂಢ, ಇದು ಓದಲ್ಲ, ಬಾಯಿಪಾಠ, ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸುವೆ, ಬೆರಳು ಸುಮ್ಮನೆ ವೇಷ ಕಟ್ಟಿದೆ, ಇಷ್ಟು ದಿನವೂ ಹೀಗೆಯೇ, ಓದಿದೆನೋ ನೆನೆದೆನೋ ತಿಳಿಯದು, ನೆನೆದದ್ದೇ ಆದರೆ ಓದು ಹೋಯಿತು, ಹೋದದ್ದೇ. ಸರಿ, ಇಲ್ಲಿಗೆ ನಾಲ್ಕನೆಯ ಸಂಪುಟ ಮುಗಿಯಿತು, ಅವಳು ಸತ್ತಳು, ಎಷ್ಟು ಊರುಗಳಲ್ಲಿ ಅವಳಿಗಾಗಿ ಅತ್ತಿದ್ದೇನೆ — ಆದರೆ ಮಗುಚಿದರೆ ಇನ್ನೊಂದು ಪುಟ, ಇನ್ನಷ್ಟು ಇರುವೆ, ರದ್ದಿ ಅಂಗಡಿಯಲ್ಲಿ ಕೊಂಡ ನನ್ನ ಹಳೆಯ ಪ್ರತಿಯಲ್ಲಿ ಈ ಹಾಳೆ ಇರಲೇ ಇಲ್ಲ! ಬೆರಳೇ, ನಿಧಾನ, ಗುಂಡನೆಯ ಒ, ದ, ಅದರ ಕೆಳಗೆ ಇನ್ನೊಂದು ದ, ಒದ್ದೆ, ಆಮೇಲೆ ಕೈ, ಬೆವರಿ ಜಾರಬೇಡ, ತಾಳು, ಒದ್ದೆ ಕೈಯೊಂದು ಕಲ್ಲಿನ ಮೆಟ್ಟಿಲನ್ನು ಹಿಡಿಯಿತು. ಇದು ನನ್ನ ನೆನಪಿನಲ್ಲಿಲ್ಲ, ಎಂದೂ ಇರಲಿಲ್ಲ, ತಿಳಿಯದೇ ಇದ್ದದ್ದನ್ನು ನೆನೆಯಲಾಗದು, ಓದಬೇಕಷ್ಟೇ, ಓದಿದೆ, ಓದಿದೆ! ಬದುಕಿದ್ದಾಳೆ, ಐದನೆಯ ಸಂಪುಟದಲ್ಲಿ ಹುಟ್ಟು ಹಾಕುತ್ತ ಬರುವವಳನ್ನು ಇವಳ ತಂಗಿಯೆಂದು ತಿಳಿದಿದ್ದೆನಲ್ಲ, ಪೆದ್ದ, ಒಂದು ಹಾಳೆ ಹರಿದದ್ದಕ್ಕೆ ಅವಳನ್ನು ಮುಳುಗಿಸಿದವನು ನಾನೇ. ಮಗಳೇ, ಬಾರೇ ಇಲ್ಲಿ, ಅಂಬಿಗಿತ್ತಿ ಸತ್ತಿಲ್ಲ ಕಣೇ, ಮೆಟ್ಟಿಲು ಹಿಡ್ಕೊಂಡು ಮೇಲೆ ಬಂದ್ಲು! ಯಾವ ಅಂಬಿಗಿತ್ತಿ ಅಪ್ಪಾ, ಆ ಪುಟ ನಾನು ಓದೇ ಇಲ್ವಲ್ಲ, ನಿಂಗ್ಯಾರು ಹೇಳಿ— ಪಾತ್ರೆ ಜಾರಿ ಬಿದ್ದ ಸದ್ದು, ಓಡಿ ಬಂದ ಹೆಜ್ಜೆ, ಬಾಗಿಲಲ್ಲಿ ಅವಳು, ಚೌಕಟ್ಟನ್ನು ಹಿಡಿದ ಕೈಯಿಂದ ನೀರು ತೊಟ್ಟಿಕ್ಕುತ್ತಿದೆ, ನೀರಿನಿಂದ ಮೇಲೆ ಬಂದ ಕೈ, ಕಲ್ಲನ್ನು ಹಿಡಿದ ಕೈ, ಒದ್ದೆ ಕೈ.