ಎಲ್ಲರಿಗೂ ಇದೇ ಕೊಡೋದು

ಕೃತಕ ಕಾಲು ಮಾಡುವ ಕೋಣೆ ಆ ಸರ್ಕಾರಿ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಿತ್ತು. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಕಾಯಿಸುವ ಒಲೆ, ಗೋಡೆಗೆ ಸಾಲಾಗಿ ನೇತುಹಾಕಿದ ಕಾಲುಗಳು, ಎದುರಿಗೆ ಕಾಯುವವರ ಬೆಂಚು. ಮೇಸ್ತ್ರಿ ತನ್ನ ಮೆತ್ತೆ ಹಾಕಿದ ಸ್ಟೂಲಿನ ಮೇಲೆ ಕೂತು ಯಾವುದೋ ಮಂಡಿಯ ತಿರುಪು ಬಿಗಿಮಾಡುತ್ತಿದ್ದಾಗ ಕಂಡಕ್ಟರಮ್ಮ ಒಳಗೆ ಬಂದಳು. ತುಟಿ ಕಚ್ಚಿಕೊಂಡು, ಕಣ್ಣು ನೆಲದಲ್ಲಿ ನೆಟ್ಟು, ಕಾಣದ ಗೆರೆಯೊಂದರ ಮೇಲೆ ಹೆಜ್ಜೆ ಇಟ್ಟ ಹಾಗೆ ಬೆಂಚಿನವರೆಗೆ ನಡೆದಳು.

"ಈಗ ಸರಿಯಾಗಿ ನಡೆದೆ ಅಲ್ವಾ ಮೇಸ್ತ್ರಿಯಣ್ಣ?"

"ಪರವಾಗಿಲ್ಲ. ಯಾಕೆ ಬಂದ್ರಿ, ಮತ್ತೆ ಗಾಯಾನಾ?"

ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಅವಳು ತಲೆ ತಗ್ಗಿಸಿದಳು. "ಬೈಬೇಡಿ ಅಣ್ಣ. ನೀವು ಹೇಳಿದ ಹಾಗೇ ಮಾಡಿದೀನಿ. ಬೆವರು ಒರೆಸ್ತೀನಿ. ತೂಕ ಇಳಿಲಿ ಅಂತ ಒಂದು ಹೊತ್ತಿನ ಊಟ ಬಿಟ್ಟಿದೀನಿ. ನಮ್ಮಮ್ಮ ಅಂತೂ ಮನೇಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ದಿನಾ ಸಂಜೆ ಅದರ ಮೇಲೆ ಓಡಾಡಿಸ್ತಾಳೆ. ಒಂಚೂರು ಓರೆಯಾದ್ರೂ ಸಾಕು, ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ, ನಿನ್ನ ನಡಿಗೇನೇ ಸರಿಯಿಲ್ಲ ಅಂತ ಶುರು ಹಚ್ಕೋತಾಳೆ."

"ಡಿಪೋದವರು ಏನಂದ್ರು?"

"ಮುಂದಿನ ತಿಂಗಳು ಪರೀಕ್ಷೆ. ಓಡೋ ಬಸ್ಸಲ್ಲಿ ಒಂದು ಪಾಳಿ ಪೂರ್ತಿ ನಿಂತು ತೋರಿಸ್ಬೇಕು. ಆಗ್ಲಿಲ್ಲ ಅಂದ್ರೆ ಕೆಲಸ ಹೋದ ಹಾಗೇನೇ." ಅವಳು ಪಟ್ಟಿ ಬಿಚ್ಚಿ ಕಾಲನ್ನು ಪಕ್ಕಕ್ಕಿಟ್ಟಳು. ಮಂಡಿಯ ಕೆಳಗಿನ ಮೊಂಡು ತುದಿಯಲ್ಲಿ ಚರ್ಮ ಕೆಂಪಗೆ ಸುಲಿದಿತ್ತು.

ಮೇಸ್ತ್ರಿಗೆ ಕಾರಣ ಚೆನ್ನಾಗಿ ಗೊತ್ತಿತ್ತು. ದೇಶಕ್ಕೆಲ್ಲ ಆರೋಗ್ಯದ ಕಾರ್ಡು ಒಂದೇ. ಆದರೆ ಕಾರ್ಡಿನ ಹಿಂದಿನ ದುಡ್ಡು ಹೊಳೆಯ ಈಚೆಯ ಪ್ರಾಂತ್ಯಕ್ಕೆ ಒಂದು ಥರ, ಆಚೆಯದಕ್ಕೆ ಇನ್ನೊಂದು. ಎರಡೂ ಕಡೆಯವರ ಕಾಲು ಆಗುತ್ತಿದ್ದದ್ದು ಇದೇ ಕೋಣೆಯಲ್ಲಿ, ಇದೇ ಕೈಯಲ್ಲಿ. ಈಚೆಯವರ ಕಾಲಿನ ಬಾಯಿಯೊಳಗೆ, ಮೊಂಡು ಕೂರುವ ಕಡೆ, ಮೆತ್ತನೆಯ ಸ್ಪಂಜಿನ ಪದರ. ಆಚೆಯವರಿಗೆ ಅದಿಲ್ಲ, ಗಟ್ಟಿ ಪ್ಲಾಸ್ಟಿಕ್ಕು, ಜೊತೆಗೆ ಹತ್ತಿಯ ಕಾಲುಚೀಲ. ಕಂಡಕ್ಟರಮ್ಮ ಆಚೆಯವಳು. ಕೇಳಿದವರಿಗೆ "ಎಲ್ಲರಿಗೂ ಇದೇ ಕೊಡೋದು" ಎನ್ನಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನೇ ಕಂಡುಕೊಂಡಿದ್ದ. ಜಗಳವಿಲ್ಲದೆ ಕೆಲಸ ಸಾಗುತ್ತಿತ್ತು. ಗಾಯ ಮಾಡಿಕೊಂಡು ಬಂದವರಿಗೆ ಅವರದೇ ಒಂದು ತಪ್ಪು ಹುಡುಕಿ ಕೊಟ್ಟರೆ ಮರುಮಾತಿಲ್ಲದೆ ಹೊರಡುತ್ತಿದ್ದರು. ಕೆಲವರು ಕೈಮುಗಿದೂ ಹೋಗುತ್ತಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಬೇಕರಿಯವನ ದನಿ ಕೇಳಿಸಿತು. ಅವನು ಈಚೆಯವನು, ಆಸ್ಪತ್ರೆಯ ಹಿಂದಿನ ಬೀದಿಯವನೇ.

"ಮೇಸ್ತ್ರಿಗಳೇ, ನೀವು ಕೊಟ್ಟ ಕಾಲು ಮಾತಾಡೋಕೆ ಶುರು ಮಾಡಿದೆ! ಹೆಜ್ಜೆ ಹೆಜ್ಜೆಗೂ ಕೀಂಯ್ ಅನ್ನುತ್ತೆ. ತಡವಾಗಿ ಮನೆಗೆ ಕಳ್ಳಹೆಜ್ಜೇಲಿ ಹೋಗೋಣ ಅಂದ್ರೆ ಹೆಂಡತಿಗೆ ಬೀದಿ ತುದಿಯಿಂದ್ಲೇ ಸುದ್ದಿ ಮುಟ್ಟಿರುತ್ತೆ."

ಕಂಡಕ್ಟರಮ್ಮ ನೋವು ಮರೆತು ನಕ್ಕಳು. ಬೇಕರಿಯವನು ತನ್ನ ಕಾಲು ಬಿಚ್ಚಿ ಬೆಂಚಿನ ಮೇಲೆ ಧೊಪ್ಪೆಂದು ಇಟ್ಟ. ಅದು ಉರುಳಿ ಬೀಳುವುದರಲ್ಲಿತ್ತು. ಅವಳು ಬಾಯಿಯ ಕಡೆ ಹಿಡಿದು ನಿಲ್ಲಿಸಿದಳು. ಬೆರಳು ಒಳಗೆ ಹೋಯಿತು. ನಗು ಅಲ್ಲಿಗೇ ನಿಂತಿತು. ಇನ್ನೊಮ್ಮೆ ಒತ್ತಿ ನೋಡಿದಳು.

"ಇದೇನಣ್ಣ, ಒಳಗೆ?"

"ಮೆತ್ತನೆ ಪದರ ಅಕ್ಕ. ಯಾಕೆ, ನಿಮ್ಮದರಲ್ಲಿ ಇಲ್ವಾ?" ಅವನು ಅವಳ ಕಾಲಿನೊಳಗೆ ಕೈ ಹಾಕಿದ. "ಅಯ್ಯೋ! ಇದು ಕಾಲಲ್ಲ, ಬರೀ ಡಬ್ಬ!"

ಇಬ್ಬರೂ ಮೇಸ್ತ್ರಿಯ ಕಡೆ ತಿರುಗಿದರು. "ಎಲ್ಲರಿಗೂ..." ಎಂದು ಶುರುಮಾಡಿ ಅವನು ತಿರುಪುಳಿ ಕೆಳಗಿಟ್ಟ. ಎದುರಿಗೆ ಎರಡು ಕಾಲುಗಳು ಬಾಯಿ ತೆರೆದು ನಿಂತಿದ್ದವು.

ಗಲಾಟೆ ಕೇಳಿ ವಿಭಾಗದ ಮೇಡಂ ಒಳಕೋಣೆಯಿಂದ ಬಂದು, ಆಚೆಯವರಿಗೆ ಪದರ ಕೊಡುವಷ್ಟು ದುಡ್ಡು ಬರುವುದಿಲ್ಲ ಎಂದರು. ಬೇಕರಿಯವನು ಬಿಡಲಿಲ್ಲ. "ಹೊಳೆ ದಾಟಿದ್ರೆ ಚರ್ಮ ಬೇರೆಯಾಗುತ್ತಾ ಮೇಡಂ? ಒಂದೇ ಕಾರ್ಡಲ್ವಾ ಇಬ್ಬರದೂ?"

"ನಾನೇನು ಉಳಿಸಿ ಮನೆಗೆ ಹೊತ್ಕೊಂಡು ಹೋಗಿಲ್ಲಪ್ಪ," ಮೇಡಂ ದನಿ ಏರಿಸದೆ ಹೇಳಿದರು. "ಆ ಕಡೆ ಜನ ಕಮ್ಮಿ, ಗುಡ್ಡ ಜಾಸ್ತಿ. ಒಬ್ಬ ಡಾಕ್ಟರನ್ನ ಹತ್ತಿಸಿ ಇಳಿಸೋ ಖರ್ಚಲ್ಲಿ ಇಲ್ಲಿ ಎಷ್ಟೋ ಜನರ ಔಷಧಿ ಆಗುತ್ತೆ. ಅದೆಲ್ಲ ಆಗಿ ಮಿಕ್ಕಿದ್ದರಲ್ಲಿ ಇವರ ಕಾಲು. ಈಚೆಯ ದುಡ್ಡಲ್ಲಿ ಇವರಿಗೆ ಪದರ ಹಾಕಿದ್ರೆ ಈಚೆಯ ಇನ್ಯಾರಿಗೋ ಇಲ್ಲ ಅನ್ಬೇಕು. ಯಾರಿಗೆ ಅನ್ಲಿ, ನೀನೇ ಹೇಳು."

ಕಂಡಕ್ಟರಮ್ಮ ಮೇಡಂ ಕಡೆ ನೋಡಲಿಲ್ಲ. ಅವಳ ಕಣ್ಣು ಮೇಸ್ತ್ರಿಯ ಮೇಲೇ ಇತ್ತು.

"ಇಲ್ಲ ಅಂದಿದ್ರೆ ಇಲ್ಲ ಅಂತ ಹೋಗ್ತಿದ್ದೆ ಅಣ್ಣ. ಸೀಟಿಲ್ಲ ಅಂತ ನಾನೂ ದಿನಾ ಬಸ್ಸಲ್ಲಿ ಹೇಳಿದವಳೇ. ಆದ್ರೆ ಸೀಟು ಸಿಗದೆ ನಿಂತವನಿಗೆ ನಿನಗೆ ಕೂರೋಕೇ ಬರಲ್ಲ ಅಂತ ಯಾವತ್ತೂ ಅಂದಿಲ್ಲ."

ಮೇಸ್ತ್ರಿ ಏನಾದರೂ ಹೇಳಬೇಕೆಂದು ಸ್ಟೂಲಿನಿಂದ ಎದ್ದ. ಬೇಕರಿಯವನ ದೃಷ್ಟಿ ಆ ಸ್ಟೂಲಿಗೆ ಬಿತ್ತು. ಅವನು ಬಗ್ಗಿ, ಮೆತ್ತೆಯನ್ನು ಬೆರಳಲ್ಲಿ ಒತ್ತಿ, ಪಕ್ಕದ ತನ್ನ ಕಾಲಿನೊಳಗೂ ಒತ್ತಿ ನೋಡಿದ.

"ಎರಡೂ ಒಂದೇ ಅಲ್ವಾ ಮೇಸ್ತ್ರಿಗಳೇ?"

ಒಂದೇ. ಪದರ ಕತ್ತರಿಸಿ ಮಿಕ್ಕ ಚೂರುಗಳನ್ನು ಮೇಸ್ತ್ರಿಯೇ ಜೋಡಿಸಿ ಹೊಲಿದುಕೊಂಡಿದ್ದ. ಸ್ಟೂಲಿನ ಕೆಳಗೆ ಇನ್ನೂ ಒಂದು ಚೀಲ ತುಂಬ ಬಿದ್ದಿದ್ದವು. ಚೀಲ ತುಂಬಿದಾಗಲೆಲ್ಲ ಕಸದವನು ಬಂದು ಒಯ್ಯುತ್ತಿದ್ದ. ಅದರ ಮೇಲೆ ಕೂತೇ ಅವನು ಇವಳಿಗೆ ಬೆವರು ಒರೆಸು ಎಂದದ್ದು, ತಿನ್ನುವುದು ಕಮ್ಮಿ ಮಾಡು ಎಂದದ್ದು. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನೆಲ ಎಲ್ಲಿ ಬಿರಿಯುತ್ತದೆ, ಹಾಗೇ ನಿಂತಿತ್ತು. ಮೇಡಂ ಕೂಡ ಆ ಮೆತ್ತೆಯನ್ನು ನೋಡಿದರು. ತಿರುಗಿ ಒಳಗೆ ಹೋದರು.

ಕಂಡಕ್ಟರಮ್ಮ ತನ್ನ ಚೀಲದಿಂದ ಫೋನು ತೆಗೆದು, ಒತ್ತಿ, ಅವನ ಮುಂದೆ ಹಿಡಿದಳು. "ನಮ್ಮಮ್ಮ. ನೀವೇ ಹೇಳಿ."

ಅವನು ಫೋನು ತೆಗೆದುಕೊಂಡ. "ಅಮ್ಮಾ, ನಾನು ಕಾಲು ಮಾಡೋ ಮೇಸ್ತ್ರಿ... ನಿಮ್ಮ ಮಗಳ ನಡಿಗೇಲಿ ತಪ್ಪಿರಲಿಲ್ಲ. ಕಾಲಲ್ಲಿ ಪದರ ಇರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ."

ಆ ಕಡೆಯಿಂದ ಮುದಿದನಿ, "ಅಲ್ಲಪ್ಪಾ, ನಿನ್ನ ಮಾತು ನಂಬಿ ನಾನು ಹೆತ್ತ ಮಗೂನ ದಿನಾ ಬೈದೆನಲ್ಲೋ. ಗಾಯದ ಕಾಲಲ್ಲಿ ಓಡಾಡಿಸಿದೆನಲ್ಲೋ," ಎಂದಿತು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಬೈಯಲಿಲ್ಲ. ನೆಲಕ್ಕೆ ಬಟ್ಟೆ ಉಜ್ಜುವ ಸದ್ದು ಬಂತು. "ಗೆರೆ ಒರೆಸ್ತಾ ಇದೀನಿ ಅಂತ ಹೇಳು ಅವಳಿಗೆ."

ಅವತ್ತು ಮೇಸ್ತ್ರಿ ಊಟಕ್ಕೆ ಏಳಲಿಲ್ಲ. ಚೀಲ ಸುರಿದು, ಹೊಂದುವ ಚೂರುಗಳನ್ನು ಆರಿಸಿ, ಅಂಚುಗಳನ್ನು ಕಾಗದದಷ್ಟು ತೆಳ್ಳಗೆ ಕೆತ್ತಿ ಅವಳ ಕಾಲಿನೊಳಗೆ ಅಂಟಿಸಿದ. ಚೂರು ಕೂಡಿದ ಜಾಗ ಎಲ್ಲಾದರೂ ಒತ್ತೀತೇ ಎಂದು ಕಾಲಿನೊಳಗೆ ಕೈಯನ್ನು ಮೊಣಕೈವರೆಗೆ ತೂರಿಸಿ, ಒಳತೋಳಿನ ಚರ್ಮಕ್ಕೆ ತಿಕ್ಕಿ ತಿಕ್ಕಿ ನೋಡಿದ. ಅವಳು ಕಾಲುಚೀಲದ ಮೇಲೆ ಕಾಲುಚೀಲ ಹಾಕಿ ತುಂಬಿಸುತ್ತಿದ್ದ ಜಾಗದಲ್ಲಿ ಪದರ ಸರಿಯಾಗಿ ಕೂತಿತು.

"ಗಾಯ ಪೂರ್ತಿ ಆರೋವರೆಗೂ ಹಾಕ್ಬೇಡಿ. ಮತ್ತೆ... ಊಟ ಬಿಡಬೇಡಿ."

"ಯಾರ ದುಡ್ಡಲ್ಲಿ ಇದು?"

"ಕಸಕ್ಕೆ ಹೋಗೋದಾಗಿತ್ತು." ಹೇಳಿದ ಮೇಲೆ ಆ ಮಾತು ಅವನಿಗೇ ಚುಚ್ಚಿತು.

ಅವಳು ಕಾಲನ್ನು ಕಂಕುಳಲ್ಲಿ ಇರುಕಿಕೊಂಡು, ಆಸ್ಪತ್ರೆಯ ಊರುಗೋಲಿನಲ್ಲಿ ಹೊರಟಳು. ಕೈಮುಗಿಯಲಿಲ್ಲ. ಅದೇ ಸರಿ ಅನ್ನಿಸಿತು ಅವನಿಗೆ.

ತಿಂಗಳು ಕಳೆದು ಆಚೆಯವರ ಸರದಿಯ ದಿನ ಹೊರಗೆ ಬಸ್ಸು ನಿಂತಿತು. ಕಂಡಕ್ಟರ್ ಊದಿದ ಸೀಟಿ ಕೇಳಿಸಿತು: ಒಮ್ಮೆ ನಿಲ್ಲಲು, ಸ್ವಲ್ಪ ತಡೆದು ಎರಡು ಸಲ ಹೊರಡಲು. ಇಳಿದವರಲ್ಲಿ ಒಬ್ಬ ಮುದುಕ ಕುಂಟುತ್ತ ಬಂದು ಬೆಂಚಿನ ಮೇಲೆ ಕೂತ.

"ಬಸ್ಸಲ್ಲಿ ಕಂಡಕ್ಟರಮ್ಮ ಹೇಳಿ ಕಳಿಸಿದ್ಳು. ಒಂದು ಪಾಳಿ ನಿಲ್ಲಿಸಿ ನೋಡಿದ್ರಂತೆ ಅವಳನ್ನ, ಈಗ ದಿನಾ ನಿಲ್ತಾಳಂತೆ. ಎರಡು ಥರದ ಕಾಲು ತೋರಿಸಿ ಅಂತ ಕೇಳು, ಮೊದಲು ಕೈ ಹಾಕಿ ನೋಡು ತಾತ ಅಂದ್ಳು."

ಮೇಸ್ತ್ರಿ ಗೋಡೆಯಿಂದ ಎರಡು ಕಾಲು ಇಳಿಸಿ, ಈಚೆಯದೊಂದು, ಆಚೆಯದೊಂದು, ಬೆಂಚಿನ ಮುಂದಿನ ಮೇಜಿನ ಮೇಲೆ ಇಟ್ಟ. ಒಳಕೋಣೆಯ ಬಾಗಿಲಲ್ಲಿ ಮೇಡಂ ಕಾಣಿಸಿಕೊಂಡರು. "ಅದನ್ನ ಒಳಗಿಡಿ ಮೇಸ್ತ್ರಿ. ನಾಳೆ ಎಲ್ಲರೂ ಕೇಳ್ತಾರೆ."

"ಕೇಳಲಿ ಮೇಡಂ. ಇಲ್ಲೇ ಇರಲಿ."

ಮುದುಕ ಒಂದರೊಳಗೆ ಕೈ ಹಾಕಿದ. ಇನ್ನೊಂದರೊಳಗೆ ಹಾಕಿದ. ಮತ್ತೆ ಮೊದಲನೆಯದಕ್ಕೆ ಹಾಕಿ ಸ್ವಲ್ಪ ಹೊತ್ತು ಹಾಗೇ ಬಿಟ್ಟ.

"ಹಂಗಾದ್ರೆ ನೀವು ಸರಿಯಿಲ್ಲ ಅಂದ ನನ್ನ ನಡಿಗೆ?"

"ಸರಿಯಾಗೇ ಇದೆ ಯಜಮಾನ್ರೇ," ಎಂದ ಮೇಸ್ತ್ರಿ. ಮೆತ್ತೆ ಬಿಚ್ಚಿದ ಬರೀ ಹಲಗೆಯ ಸ್ಟೂಲನ್ನು ಎಳೆದುಕೊಂಡು ಮುದುಕನ ಎದುರಿಗೆ ಕೂತು, ಗಾಯ ನೋಡಲು ತಲೆ ಬಗ್ಗಿಸಿದ.